ದೂರೇ ಇಲ್ಲದ ಬೀದಿ

"ಸ್ವಲ್ಪ ಎಡಕ್ಕೆ... ಇನ್ನೂ ಎಡಕ್ಕೆ... ಹಾಂ, ಈಗ ಬಿಡ್ರಪ್ಪಾ."

ಬಡಗಿ ಕೈಯೆತ್ತಿದ. ಇಬ್ಬರು ಹಿಡಿದಿದ್ದ ದಪ್ಪ ಹಲಗೆ ಮೋರಿಯ ಮೇಲೆ ದಡಕ್ಕನೆ ಕೂತಿತು. ಬೀದಿಯ ಬಾಯಿಗೆ ಅಡ್ಡಲಾಗಿ ಹರಿಯುವ ಆ ಮೋರಿಯ ಚಪ್ಪಡಿ ಒಡೆದು ಬಿದ್ದು ನಾಲ್ಕು ವರ್ಷವಾಗಿತ್ತು. ಅಂದಿನಿಂದ ಬದುಕಿದವರು ಹಾರಿ ದಾಟುತ್ತಿದ್ದರು. ಹೆಣ ಹೊತ್ತವರು ಹಾರುವುದಕ್ಕಾಗುವುದಿಲ್ಲವಲ್ಲ.

"ಗಟ್ಟಿ ಇದೆಯೇನೋ?"

"ನಾಲ್ಕು ಜನ ಕುಣಿದ್ರೂ ಬಗ್ಗಲ್ಲ. ತಾತ ಎಷ್ಟು ಭಾರ ಇದ್ದ, ಹೇಳು? ಅವನ ಬೀಗದಕೈ ಗೊಂಚಲೇ ಅವನಿಗಿಂತ ತೂಕ."

ಯಾರೋ ನಕ್ಕರು, ತಕ್ಷಣ ಬಾಯಿ ಮುಚ್ಚಿಕೊಂಡರು. ತಾತನ ಮಗಳಿಗೂ ನಗು ಬಂದಿತ್ತು. ಅಪ್ಪನ ಹಿಂದೆ ನಡೆಯುತ್ತಿದ್ದವಳು ಹಲಗೆಯ ಮೇಲೆ ಕಾಲಿಡುವಾಗ ಕೆಳಗೆ ನೋಡಲಿಲ್ಲ. ಮೂರು ವಾರದ ಹಿಂದೆ ಮುಸ್ಸಂಜೆಯಲ್ಲಿ ಅಪ್ಪ ಇಲ್ಲೇ ಕಾಲು ತಪ್ಪಿ ಸೊಂಟ ಮುರಿದುಕೊಂಡಿದ್ದ. ಮತ್ತೆ ಎದ್ದಿರಲಿಲ್ಲ.

ರಸ್ತೆಯಲ್ಲಿ ವ್ಯಾನು ಕಾಯುತ್ತಿತ್ತು. ಅದರ ಪಕ್ಕ ಪಂಚಾಯಿತಿಯ ಅಧ್ಯಕ್ಷರು ಹಾರ ಹಿಡಿದು ನಿಂತಿದ್ದರು. ಹಾರ ಹಾಕಿ ಕೈಮುಗಿದು ಅವಳ ಕಡೆ ತಿರುಗಿದರು.

"ದೊಡ್ಡ ಮನುಷ್ಯ ಕಣಮ್ಮ ನಿಮ್ಮಪ್ಪ. ಎಂಥಾ ತಾಳ್ಮೆ! ಆರು ವರ್ಷದಲ್ಲಿ ಈ ಬೀದಿಯಿಂದ ಒಂದೇ ಒಂದು ದೂರು ಬಂದಿಲ್ಲ. ಬೀಗದ ಯಜಮಾನರ ಬೀದಿ ನೋಡಿ ಕಲೀರಿ ಅಂತ ಪ್ರತಿ ಸಭೇಲೂ ಹೇಳ್ತಿದ್ದೆ. ನಿನ್ನ ಗಂಡನ ಕೆಲಸ ಖಾಯಂ ಆಗಿದ್ದೂ ಸುಮ್ಮನೆ ಅಲ್ಲ. ಬೀದಿ ಚೆನ್ನಾಗಿ ಇಟ್ಟುಕೊಂಡಿದ್ದಾನೆ."

ಇಸ್ತ್ರಿ ಅಂಗಡಿಯವಳು ಸೆರಗಿನಿಂದ ಮೂಗು ಒರೆಸುತ್ತಿದ್ದವಳು ನಿಲ್ಲಿಸಿದಳು. "ಏನಂದ್ರಿ ಸ್ವಾಮಿ? ನನ್ನ ಮನೆ ಮುಂದಿನ ದೀಪದ ಕಂಬದ ಅರ್ಜಿ ಒಂದೇ ಎಂಟು ಸಲ ಕೊಟ್ಟಿದೀವಲ್ಲ? ತಾತನೇ ಬರೆದು..."

"ಹೊತ್ತಾಯ್ತು, ಹೊತ್ತಾಯ್ತು," ಎಂದು ತಾತನ ಮಗಳ ಗಂಡ ನಡುವೆ ಬಂದ. ಪಂಚಾಯಿತಿಯ ಗುಮಾಸ್ತ ಅವನೇ. "ಆ ಮಾತೆಲ್ಲ ಆಮೇಲೆ. ಬಾ, ವ್ಯಾನು ಹತ್ತು."

ಅವನು ಹೆಂಡತಿಯ ಮುಖ ನೋಡಲಿಲ್ಲ. ವ್ಯಾನಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದವಳು ಹಾಗೇ ನಿಂತಳು.

*

ಅಪ್ಪನ ಬೀಗ ರಿಪೇರಿಯ ಅಂಗಡಿ ಎಂದರೆ ಕಿಟಕಿಯ ಕೆಳಗೆ ಒಂದು ಮರದ ಡಬ್ಬ, ಕೀಲಿ ಕಚ್ಚಿಸಿ ಹಿಡಿಯುವ ಒಂದು ಸಣ್ಣ ಹಿಡಿ, ಹನ್ನೆರಡು ಅರಗಳು. ಕೀಲಿ ಉಜ್ಜುವ ಸದ್ದಿಗೆ ಜನರ ನಾಲಿಗೆ ಸಡಿಲವಾಗುತ್ತಿತ್ತೋ ಏನೋ, ಬಂದವರೆಲ್ಲ ಕಷ್ಟ ಹೇಳಿಕೊಳ್ಳುವವರೇ. ನಲ್ಲಿಯಲ್ಲಿ ಕೆಸರು ಬರುತ್ತೆ ತಾತ, ಕಂಬದ ದೀಪ ಸತ್ತಿದೆ ತಾತ, ಕಸದವನು ನಮ್ಮ ಬಾಗಿಲಿಗೆ ಬರಲ್ಲ ತಾತ. ಸಹಿ ಹಾಕಿ ಎಂದರೆ ಮಾತ್ರ ಎಲ್ಲರಿಗೂ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತಿತ್ತು. ಹಾಗಾಗಿ ಎಲ್ಲ ಅರ್ಜಿಗೂ ಅಪ್ಪನದೊಂದೇ ಸಹಿ. ಕಂದುಕಾಗದದಲ್ಲಿ ತಾನೇ ಲಕೋಟೆ ಮಾಡಿ, ಗೋಂದು ಹಚ್ಚಿ ಹೆಬ್ಬೆರಳಲ್ಲಿ ಒತ್ತಿ ಅಳಿಯನ ಕೈಗೆ ಕೊಡುತ್ತಿದ್ದ.

"ಅಳಿಯಂದಿರೇ, ಹೋದವಾರದ್ದಕ್ಕೆ ಏನಾದ್ರೂ ಹೇಳಿದ್ರಾ?"

"ಮೇಲಿನವರ ಟೇಬಲ್ಲಿಗೆ ಹೋಗಿದೆ ಮಾವ."

ಅದೆಷ್ಟು ಎತ್ತರದ ಟೇಬಲ್ಲೋ, ಹತ್ತಿದ ಕಾಗದ ಇಳಿದದ್ದೇ ಇಲ್ಲ.

ಮೂರು ವರ್ಷದ ಹಿಂದೆ ಅವಳು ಗಂಡನ ಕಬ್ಬಿಣದ ಟ್ರಂಕಿನ ಕೀಲಿ ಕಳೆದಳು. ಬಟ್ಟೆ ಒಗೆಯುವಾಗ ಅವನ ಜೇಬಿನಿಂದ ಜಾರಿ ನೀರಿನೊಡನೆ ಹೋಗಿತ್ತು. ಅವನು ಕಚೇರಿಯಿಂದ ಬರುವುದರೊಳಗೆ ಆಗಬೇಕೆಂದು ಓಡಿಹೋಗಿ ಅಪ್ಪನನ್ನು ಕರೆತಂದಳು.

ಅಪ್ಪನದೊಂದು ಕಟ್ಟುನಿಟ್ಟು. ಯಾರ ಪೆಟ್ಟಿಗೆ ತೆರೆದರೂ ಮುಚ್ಚಳ ತಾನು ಎತ್ತುತ್ತಿರಲಿಲ್ಲ. ಬೀಗ ಕ್ಲಿಕ್ಕೆಂದೊಡನೆ ಮುಖ ಗೋಡೆಯ ಕಡೆ ತಿರುಗಿಸಿ, "ನೋಡ್ಕೊಳ್ಳಿ, ಎಲ್ಲ ಇದೆಯಾ?" ಎಂದು ಕೇಳುತ್ತಿದ್ದ. ಇನ್ನೊಂದು: ಯಜಮಾನ ಹೇಳದೆ ಒಂದೇ ಕೀಲಿ, ಎರಡನೆಯದಿಲ್ಲ.

ಅವಳು ಚಹಾ ಮಾಡಿ ತಂದಾಗ ಅಪ್ಪ ಟ್ರಂಕಿನ ಮುಂದೆಯೇ ಕೂತಿದ್ದ. ಮುಚ್ಚಳ ಹಾಕಿತ್ತು. ಮುಖ ಗೋಡೆಯ ಕಡೆ ಇರಲಿಲ್ಲ. ಚಹಾ ಬೇಡವೆಂದು ನೀರು ಕೇಳಿದ. ಹೊರಡುವಾಗ ಅವಳ ಅಂಗೈಯಲ್ಲಿ ಎರಡು ಕೀಲಿ ಇಟ್ಟ.

"ಒಂದು ಅವರ ಜೇಬಿಗೆ ಹಾಕು. ಇನ್ನೊಂದು ನಿನ್ನ ಹತ್ರ ಇರ್ಲಿ ಪುಟ್ಟೀ."

"ನನಗ್ಯಾಕಪ್ಪಾ?"

"ಬೇಡ ಅಂದ್ರೆ ತೆಗೀಬೇಡ."

ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ಆರು ಕೋಣೆ ನೋಡು, ಏಳನೆಯದನ್ನು ಮಾತ್ರ ತೆರೆಯಬೇಡ ಎಂದು ರಾಜಕುಮಾರಿಗೆ ಹೇಳಿರುತ್ತಾರೆ. ಅವಳು ತೆರೆದೇ ತೆರೆಯುತ್ತಾಳೆ. ಇವಳು ರಾಜಕುಮಾರಿಯಲ್ಲ. ಕೀಲಿಯನ್ನು ಗೊಂಚಲಿಗೆ ಸೇರಿಸಿದಳು, ಮರೆತಳು. ಆಮೇಲೂ ಅಪ್ಪ ಲಕೋಟೆ ಕೊಡುತ್ತಲೇ ಇದ್ದ. ಆದರೆ ಏನಾದರೂ ಹೇಳಿದರಾ ಎಂದು ಮತ್ತೆ ಕೇಳಲಿಲ್ಲ. ವಯಸ್ಸಾಯಿತು, ತಾಳ್ಮೆ ಬಂತು ಎಂದುಕೊಂಡಿದ್ದಳು.

*

"ಹತ್ತು ಅಂದೆ," ಎಂದ ಗಂಡ.

"ನೀವು ಹೋಗ್ಬನ್ನಿ. ನನಗೆ ಮನೇಲಿ ಕೆಲಸ ಇದೆ."

"ಅಪ್ಪನ ಮಣ್ಣಿಗಿಂತ ಹೆಚ್ಚಿನ ಕೆಲಸವಾ?"

"ಅಪ್ಪಂದೇ ಕೆಲಸ."

ದುಃಖಕ್ಕೆ ತಲೆ ಕೆಟ್ಟಿದೆ, ಬಿಡಿ ಎಂದರು ಜನ. ಅವನು ಏನೋ ಹೇಳಲು ಬಾಯಿ ತೆರೆದ. ಡ್ರೈವರ್ ಹಾರನ್ ಒತ್ತಿದ. ವ್ಯಾನು ಹೊರಟಿತು. ಅವಳು ಹಿಂದಕ್ಕೆ ತಿರುಗಿ ಹಲಗೆ ದಾಟಿದಳು. ಇಸ್ತ್ರಿಯವಳು ಬೆನ್ನಿಗೆ ಬಂದಳು.

ಮನೆಗೆ ಬಂದು ಮಂಚದ ಕೆಳಗಿನಿಂದ ಗಂಡನ ಟ್ರಂಕು ಎಳೆದಳು. ಕೀಲಿ ಸಲೀಸಾಗಿ ತಿರುಗಿತು. ಅಪ್ಪ ಮಾಡಿದ್ದು, ಮೂರು ವರ್ಷವಾದರೂ ತಡವರಿಸಲಿಲ್ಲ.

ಒಳಗೆ ಕಂದು ಲಕೋಟೆಗಳು, ಅಂಚಿನವರೆಗೆ. ಒಂದನ್ನೂ ಒಡೆದಿರಲಿಲ್ಲ. ಗೋಂದಿನ ಮೇಲೆ ಅಪ್ಪನ ಹೆಬ್ಬೆರಳಿನ ಎಣ್ಣೆಗುರುತು ಹಾಗೇ ಇತ್ತು. ಅಡಿಯಿಂದ ಒಂದನ್ನು ಎಳೆದು ಹರಿದು, ಗಟ್ಟಿಯಾಗಿ ಓದಿದಳು. "ಮಾನ್ಯ ಅಧ್ಯಕ್ಷರಿಗೆ, ನಮ್ಮ ಬೀದಿಯ ಮೂರನೆಯ ಕಂಬದ ದೀಪ..."

"ನೋಡಿದ್ಯಾ, ನಂದೇ!" ಎಂದಳು ಇಸ್ತ್ರಿಯವಳು. "ಇಷ್ಟು ವರ್ಷ ಆ ಸರ್ಕಾರಾನ ಬೈದೆನಲ್ಲೇ, ನಿನ್ನ ಮಂಚದ ಕೆಳಗಿತ್ತಲ್ಲೇ!"

ಮೇಲಿನದೊಂದನ್ನು ತೆಗೆದಳು. ಹೊರಗೆ ಅದೇ ವಿಳಾಸ, ಅದೇ ದುಂಡು ಅಕ್ಷರ. ಒಳಗೆ ಮಾತ್ರ ಬೇರೆ ಇತ್ತು.

"ಅಳಿಯಂದಿರೇ, ಇದನ್ನು ನೀವು ಒಡೆಯುವುದಿಲ್ಲವೆಂದು ಬಲ್ಲೆ. ಆದರೂ ಬೀದಿಯವರು ಕೇಳುತ್ತಾರೆ. ಬರೆಯುವುದು ನಿಲ್ಲಿಸಿದರೆ ಯಾಕೆಂದು ಹೇಳಬೇಕಾಗುತ್ತದೆ. ಹೇಳಿದರೆ ನನ್ನ ಮಗಳ ಮನೆ ಉಳಿಯುವುದಿಲ್ಲ. ಅವಳು ದಿನಾ ಮುಸ್ಸಂಜೆ ಆ ಮೋರಿ ದಾಟಿ ಹೋಗಿ ನನಗೆ ಹಾಲು ತರುತ್ತಾಳೆ. ಉಳಿದದ್ದು ಹಾಗಿರಲಿ, ಚಪ್ಪಡಿ ಒಂದನ್ನಾದರೂ ಹಾಕಿಸಿ."

ಅದರ ಕೆಳಗಿನದರಲ್ಲೂ ಅದೇ. ಅದರ ಕೆಳಗಿನದರಲ್ಲೂ.

ಇಸ್ತ್ರಿಯವಳಿಗೆ ಓದಲು ಬರುತ್ತಿರಲಿಲ್ಲ. "ಏನಂತೆ?" ಎಂದಳು. ಅವಳು ಓದಿ ಹೇಳಿದಳು. ಇಸ್ತ್ರಿಯವಳು ತನ್ನ ಕಂಬದ ಅರ್ಜಿಯನ್ನು ಕೈಗೆತ್ತಿಕೊಂಡಳು.

"ಹಂಗಾದ್ರೆ ತಾತನಿಗೂ ಗೊತ್ತಿತ್ತು. ನನ್ನ ಕಣ್ಣೆದುರಿಗೇ ಬರೆದು, ಅಂಟಿಸಿ, ಈ ಸಲ ಆಗುತ್ತೆ ಬಿಡು ಅಂತಿದ್ದ."

ಅವಳು ಲಕೋಟೆಗಳನ್ನು ಮತ್ತೆ ಟ್ರಂಕಿಗೆ ಹಾಕಿದಳು. ಅಳು ಬರಲಿಲ್ಲ. ಯಾರಿಗೆಂದು ಅಳುವುದು ಎಂದೇ ತಿಳಿಯಲಿಲ್ಲ.

ಹೊರಗೆ ಬಡಗಿಯ ದನಿ. ಬೀದಿಯ ಬಾಯಲ್ಲಿ ಅವನು ಹಲಗೆ ಎತ್ತುತ್ತಿದ್ದ. "ತಪ್ಪು ತಿಳ್ಕೋಬೇಡಮ್ಮ, ಸಂಜೆಯೊಳಗೆ ಒಬ್ಬರಿಗೆ ಬಾಗಿಲು ಕೊಡಬೇಕು."

"ತಗೊಂಡು ಹೋಗಣ್ಣ," ಎಂದಳು ಅವಳು. ಒಳಗೆ ಬಂದು ಟ್ರಂಕಿನ ಒಂದು ಹಿಡಿ ಹಿಡಿದಳು. ಕೇಳದೆಯೇ ಇಸ್ತ್ರಿಯವಳು ಇನ್ನೊಂದನ್ನು ಹಿಡಿದಳು.

ಎರಡು ತಾಸಿನ ಮೇಲೆ ವ್ಯಾನು ಹಿಂದಿರುಗಿತು. ಇಳಿದವರಲ್ಲಿ ಗಂಡನೇ ಮುಂದಿದ್ದ, ಅಂಗಾಲಲ್ಲಿ ಹಸಿಮಣ್ಣು. ಮೋರಿಯ ಅಂಚಿಗೆ ಬಂದವನು ಹಾರಲೆಂದು ಪಂಚೆ ಎತ್ತಿದ, ನಿಂತ. ಚಪ್ಪಡಿ ಬಿದ್ದ ಜಾಗದಲ್ಲಿ ಅವನ ಟ್ರಂಕು ಅಳತೆ ಮಾಡಿಸಿದಂತೆ ಅಡ್ಡ ಕೂತಿತ್ತು. ಕೊಂಡಿಯಿಂದ ತೆರೆದ ಬೀಗ ನೇತಾಡುತ್ತಿತ್ತು. ಬೀದಿಯೊಳಗೆ ಉಳಿದಿದ್ದವರೆಲ್ಲ ಹೊಸ್ತಿಲಿಗೆ ಬಂದು ನಿಂತಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಕಂದು ಲಕೋಟೆ. ಅವಳು ಅಪ್ಪನ ಕಿಟಕಿಯ ಕೆಳಗೆ, ಡಬ್ಬದ ಪಕ್ಕ ಕೂತಿದ್ದಳು.

"ಯಾಕ್ರೀ ನಿಂತ್ಕೊಂಡ್ರಿ?" ಎಂದರು ಹಿಂದಿದ್ದವರು. "ಗಟ್ಟಿಯಾಗಿದೆ, ದಾಟಿ."

ಅವನು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟ.