ಬಲಗಡೆಯಿಂದ ಬಂದ ಕಾಗೆ

ಗೋವಾದ ವಾಸ್ಕೋದಲ್ಲಿ, ಗುಡ್ಡದ ಮೇಲಿನ ಆ ಕನ್ನಡದವರ ಕೇರಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಸತ್ಯವ್ವನಿಗೆ ಹೇಳಿ ಕಳಿಸುತ್ತಿದ್ದರು. ನೀರಿನ ಟ್ಯಾಂಕರಿಗಾದರೆ ಎರಡು ದಿನ ಮೊದಲೇ ಫೋನು ಮಾಡಬೇಕು, ಸತ್ಯವ್ವನಿಗೆ ಅದೂ ಬೇಡ. ಸೆರಗಿಗೆ ಕೈ ಒರೆಸಿಕೊಂಡು ಹೊರಟೇಬಿಡುತ್ತಿದ್ದಳು. ಆರು ವರ್ಷದ ಹಿಂದೆ ಬಂದರಿನಲ್ಲಿ ಲಾರಿಗೆ ಸಿಕ್ಕಿ ಮಗ ಗುರುಲಿಂಗ ಸತ್ತ ಮೇಲೆ ಸಾವಿನ ಮನೆಯವರನ್ನು ಸಮಾಧಾನ ಮಾಡುವ ಈ ಕೆಲಸ ತಾನಾಗಿಯೇ ಅವಳಿಗೆ ಅಂಟಿಕೊಂಡಿತ್ತು. ಹೋದಲ್ಲೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು.

"ನನ್ನ ಮಗಗ ಮೂರನೇ ದಿನ ಎಡಿ ಇಟ್ಟಾಗ ಒಂದ ಗಳಿಗಿ ಕಾಯಿಸಲಿಲ್ಲವ್ವ. ಕಾಗಿ ಬಲಗಡಿಂದ ಬಂತು, ಮೊದಲ ಅನ್ನಕ್ಕ ಬಾಯಿ ಹಾಕ್ತು. ಅಂದ್ರ ಅವಂಗ ನನ್ನ ಮ್ಯಾಲ ಸಿಟ್ಟಿಲ್ಲ ಅಂದಂಗಾತು. ಬನಶಂಕರಿ ತಾಯಿ ಅವನ್ನ ಉಡಿಯಾಗ ಹಾಕ್ಕೊಂಡಾಳ ಅಂತ ಎದ್ದು ಉಂಡೆ. ನೀನೂ ಉಣ್ಣವ್ವ."

ಕೇಳಿದವರು ಅತ್ತು, ಮೂಗು ಒರೆಸಿಕೊಂಡು ಉಣ್ಣುತ್ತಿದ್ದರು. ಅಸಲಿಗೆ ಆ ಕಾಗೆಯನ್ನು ಸತ್ಯವ್ವ ನೋಡಿರಲೇ ಇಲ್ಲ. ಆ ದಿನ ಅವಳು ಮನೆಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಳು. ಸ್ಮಶಾನದಿಂದ ಬಂದ ಗಂಡ ಮಾನಪ್ಪ ಹೇಳಿದ್ದನ್ನೇ ಅವಳು ತನ್ನ ಕಣ್ಣಿಗೆ ಹಚ್ಚಿಕೊಂಡಿದ್ದಳು. ಗಂಡ ಕಂಡದ್ದು ಬೇರೆ, ತಾನು ಕಂಡದ್ದು ಬೇರೆ ಎಂದು ಅವಳಿಗೆ ಎಂದೂ ಅನಿಸಿರಲಿಲ್ಲ.

ಈ ಸಲ ಕಷ್ಟ ಬಂದದ್ದು ಜಯಶ್ರೀಗೆ. ಗಂಡ ಭೀಮಶಿ ದಾಬೋಲಿಮ್‌ನಲ್ಲಿ ಕಟ್ಟುತ್ತಿದ್ದ ಕಟ್ಟಡದ ನಾಲ್ಕನೆಯ ಮಹಡಿಯಿಂದ ಬಿದ್ದು ತೀರಿಹೋದ. ಆ ಬೆಳಿಗ್ಗೆ ತಂಬಾಕಿನ ವಿಷಯಕ್ಕೆ ಇಬ್ಬರಿಗೂ ಜಗಳವಾಗಿತ್ತು. ಜಯಶ್ರೀ ಬುತ್ತಿ ಕಟ್ಟಿರಲಿಲ್ಲ, ಅವನು ಚಹಾ ಕುಡಿಯದೆ ಹೋಗಿದ್ದ. "ಉಪಾಸ ಕಳಿಸೇನಿ. ಅವರು ಉಂಡ ಮ್ಯಾಲ ನಾ ಉಣ್ಣತೇನಿ. ಕಾಗಿ ಮುಟ್ಟಲಿ" ಎಂದು ಅವಳು ಹಟ ಹಿಡಿದು ಕೂತಳು. ಐದು ತಿಂಗಳ ಕೂಸಿತ್ತು. ಎದೆಯ ಹಾಲು ಬತ್ತಿ ಅದು ಚೀರುತ್ತಿದ್ದರೆ ಕೇರಿಯವರ ಕರುಳು ಚುರ್ರೆನ್ನುತ್ತಿತ್ತು.

ಮೂರನೆಯ ದಿನ ಹಿರಿಯನೆಂದು ಮಾನಪ್ಪನೇ ಸ್ಮಶಾನದಲ್ಲಿ ಎಡೆ ಇಟ್ಟ. ಅನ್ನ, ರೊಟ್ಟಿ, ಬದನೆಕಾಯಿ ಪಲ್ಯ, ಜಗಳ ಹಚ್ಚಿದ್ದ ಆ ತಂಬಾಕಿನ ಡಬ್ಬಿಯೂ ಇತ್ತು. ಕೂಸಿನ ತಾಯಿ ಮನೆಯಲ್ಲೇ ಉಳಿದಳು. ಉಳಿದ ಹೆಂಗಸರು ಗೇಟಿನ ಹತ್ತಿರ ನಿಂತರು. ಸತ್ಯವ್ವ ಮಾತ್ರ, ಒಂದು ಸಲವಾದರೂ ಕಣ್ಣಾರೆ ನೋಡಬೇಕೆಂದು, ಪಕ್ಕದ ದಿಬ್ಬ ಹತ್ತಿದಳು.

ವಾಸ್ಕೋದಲ್ಲಿ ಕಾಗೆಗೇನು ಬರವೇ? ಬಂದವು, ಗೋಡೆಯ ಮೇಲೆ ಸಾಲಾಗಿ ಕೂತವು. ಮೀನು ತಿಂದು ಕೊಬ್ಬಿದ ಈ ಧಡಿಯರಿಗೆ ಜೋಳದ ರೊಟ್ಟಿ ಯಾವ ಲೆಕ್ಕ! ಒಂದು ಕೆಳಗಿಳಿದು ಎಡೆಯ ಸುತ್ತ ನಡೆದು ಹಾರಿಹೋಯಿತು. ಬಿಸಿಲು ನೆತ್ತಿಗೇರಿತು. ಕಡೆಗೆ ಮಾನಪ್ಪ ಜನರನ್ನು ಕಾಲು ತೊಳೆಯಲು ನಳದ ಕಡೆಗೆ ಕಳಿಸಿ, ಒಬ್ಬನೇ ಎಡೆಯ ಮುಂದೆ ನಿಂತ. ಬೆರಳಿನಿಂದ ಅನ್ನವನ್ನು ಸ್ವಲ್ಪ ಕೆದರಿದ. ಹೊರಗೆ ಬಂದು ಟವೆಲ್ಲಿಗೆ ಕೈ ಒರೆಸುತ್ತ ಹೇಳಿದ:

"ಮುಟ್ಟಿತು, ನಡೀರಿ. ಬಲಗಡಿಂದ ಬಂತು, ಮೊದಲ ಅನ್ನಕ್ಕ ಬಾಯಿ ಹಾಕ್ತು."

ದಿಬ್ಬ ಇಳಿದು ಬರುತ್ತಿದ್ದ ಸತ್ಯವ್ವನಿಗೂ ಅದು ಕೇಳಿಸಿತು. ಇದು ಅವಳ ಮಾತು. ಒಂದಕ್ಷರವೂ ಹೆಚ್ಚು ಕಡಿಮೆ ಇರಲಿಲ್ಲ.

ಇಳಿಜಾರಿನಲ್ಲಿ ಗಂಡನ ಹಿಂದೆ ಓಡಿದಳು. "ಖರೇ ಮುಟ್ಟಿತೇನ್ರಿ?"

"ಮುಟ್ಟೇತಿ ಅಂದ್ರ ಮುಟ್ಟೇತಿ. ಎಳೀ ಕೂಸಿನ ತಾಯಿ ಉಪಾಸ ಅದಾಳ."

"ನಮ್ಮ ಗುರುಲಿಂಗಂದು?"

ಮಾನಪ್ಪ ಹೆಜ್ಜೆ ಜೋರು ಮಾಡಿದ.

ಗಂಡನ ಮೇಲೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಆರು ವರ್ಷ ಇದನ್ನು ಒಬ್ಬನೇ ಹೇಗೆ ಹೊತ್ತನೋ ಎಂದು ಮರುಕ ಬರಬೇಕಾಗಿತ್ತು, ಅದೂ ಪೂರ್ತಿ ಬರಲಿಲ್ಲ. ಅಷ್ಟು ಮನೆಗಳಲ್ಲಿ ತಾನು ಬಡಿಸಿದ್ದು ಸುಳ್ಳೇ? ಆದರೆ ಅವರು ಉಂಡದ್ದು ಖರೆ, ಬದುಕಿದ್ದು ಖರೆ. ಹಾಗಾದರೆ ಬನಶಂಕರಿ ಎಲ್ಲಿದ್ದಳು? ಕಾಗೆಯಲ್ಲಿ ಇರಲಿಲ್ಲ ಎಂದರೆ, ಗಂಡನ ಸುಳ್ಳಿನಲ್ಲಿ ಇದ್ದಳೇ? ಗುರುಲಿಂಗ ಸಿಟ್ಟಿನಲ್ಲೇ ಹೋದನೇ? ಯಾವ ತುದಿ ಹಿಡಿದು ಎಳೆದರೂ ಗಂಟು ಬಿಗಿಯುತ್ತಲೇ ಹೋಯಿತು. ಅಷ್ಟರಲ್ಲಿ ಜಯಶ್ರೀಯ ಬಾಗಿಲು ಬಂದಿತ್ತು.

ಒಳಗೆ ನೆರೆಯ ಸೋಮಿಬಾಯಿ ಆಗಲೇ ತಾಟು ಹಚ್ಚಿಟ್ಟಿದ್ದಳು. "ಮುಟ್ಟಿತಂತ, ಉಣ್ಣ ನಮ್ಮವ್ವ" ಎಂದು ಅಂಗಲಾಚುತ್ತಿದ್ದಳು. ಜಯಶ್ರೀ ಸತ್ಯವ್ವನನ್ನೇ ನೋಡಿದಳು.

"ಇವರೆಲ್ಲಾ ನಾ ಉಣ್ಣಲಿ ಅಂತ ಹೇಳತಾರ. ನೀವು ಹೇಳ್ರಿ ದೊಡ್ಡವ್ವ. ನೀವು ನೋಡೀರೇನು?"

ಹೂಂ ಎಂದರೆ ಮುಗಿಯಿತು. ಕೂಸಿಗೆ ಹಾಲು ಸಿಗುತ್ತದೆ. ಸತ್ಯವ್ವ ಬಾಯಿ ತೆರೆದಳು. "ಕಾಗಿ ಬಲಗಡಿಂದ..." ಎಂದವಳು ಗೋಡೆ ಹಿಡಿದು ಕೂತುಬಿಟ್ಟಳು.

"ಮುಟ್ಟಲಿಲ್ಲವ್ವ. ನಾ ದಿಬ್ಬದ ಮ್ಯಾಲಿಂದ ನೋಡಾಕತ್ತಿದ್ದೆ."

ಸೋಮಿಬಾಯಿ ಹಣೆ ಬಡಿದುಕೊಂಡಳು. ಜಯಶ್ರೀ ತಾಟನ್ನು ದೂರ ಸರಿಸಿದಳು. "ಹಂಗಾರ ಅವರಿಗೆ ನನ್ನ ಮ್ಯಾಲ ಸಿಟ್ಟೈತಿ."

"ಗೊತ್ತಿಲ್ಲವ್ವ. ನನ್ನ ಮಗಂದೂ ಮುಟ್ಟಿರಲಿಲ್ಲ. ಈಗ ತಿಳೀತು ನನಗ, ಈಗ, ಬರೋ ದಾರ್ಯಾಗ. ಅವಂಗ ಸಿಟ್ಟಿತ್ತೇನೋ, ತಾಯಿ ಅವನ್ನ ಎತ್ತಿಕೊಂಡಾಳೋ ಇಲ್ಲೋ, ಏನೂ ತಿಳೀವಲ್ದು. ಮುಟ್ಟದಿದ್ರೂ ಆರು ವರ್ಷ ಉಂಡು ಬದುಕೇನಿ, ಅದೊಂದ ಗೊತ್ತು."

ಸಾವಿನ ಮನೆಗಳಲ್ಲಿ ಇಷ್ಟು ವರ್ಷ ಹದವಾಗಿ ಕಣ್ಣೊರೆಸಿಕೊಳ್ಳುತ್ತಿದ್ದ ಸತ್ಯವ್ವ, "ಗುರುಲಿಂಗಾ" ಎಂದು ಕೂಗಿ, ನೆಲಕ್ಕೆ ಹಣೆ ಹಚ್ಚಿ ಅತ್ತಳು. ಸಮಾಧಾನ ಮಾಡುವವಳನ್ನು ಯಾರು ಸಮಾಧಾನ ಮಾಡಬೇಕೆಂದು ತಿಳಿಯದೆ ಹೆಂಗಸರು ಬಾಗಿಲಲ್ಲೇ ನಿಂತರು.

ಜಯಶ್ರೀ ಕೂಸನ್ನು ಸೋಮಿಬಾಯಿಯ ಕೈಗೆ ಕೊಟ್ಟು, ತಾಟು ಎಳೆದುಕೊಂಡು, ರೊಟ್ಟಿ ಮುರಿದು ಸತ್ಯವ್ವನ ಬಾಯಿಯ ಹತ್ತಿರ ಹಿಡಿದಳು.

"ಏಳ್ರಿ ದೊಡ್ಡವ್ವ, ಬಾಯಿ ತಗೀರಿ. ನಿಮಗೂ ಇವತ್ತ ಮೂರನೇ ದಿನ."

ಸತ್ಯವ್ವ ಬಾಯಿ ತೆರೆಯುವವರೆಗೂ ಅವಳು ಕೈ ಇಳಿಸಲಿಲ್ಲ. ಆಮೇಲೆ ಇನ್ನೊಂದು ತುತ್ತು ಮುರಿದು ತಾನೂ ಉಂಡಳು.