ವಾಸನೆಗೇ ಹೊಟ್ಟೆ ತುಂಬುತ್ತೆ ಅಂದ ಅಣ್ಣ

ನಮ್ಮಣ್ಣನದು ಬೇಕರಿ. ಗಲ್ಲಾಪೆಟ್ಟಿಗೆ ಮುಂದೆ ನಾನು, ಒಲೆ ಮುಂದೆ ಅಣ್ಣ ಮತ್ತು ಅವನ ಮಗಳು. ಚಿಕ್ಕವಳಿದ್ದಾಗ ಅವಳು ಮೈದಾ ಮೂಟೆ ಮೇಲೆ ಕೂತು ಬಿಸಿ ಬ್ರೆಡ್ಡಿನ ತುದಿಗೆ ಕೈಚಾಚುತ್ತಿದ್ದಳು. ತುಟಿಯೆಲ್ಲ ಬೆಣ್ಣೆ. ‘ಬನ್ನಮ್ಮ’ ಎಂದು ರೇಗಿಸಿದರೆ ಇನ್ನೊಂದು ತುಂಡು ಕೇಳುತ್ತಿದ್ದಳು. ಅವಳು ತಿನ್ನುವ ಚೆಂದ ನೋಡಿಯೇ ಗಿರಾಕಿಗಳು ಒಂದು ಬನ್ನು ಹೆಚ್ಚಿಗೆ ಕೊಳ್ಳುತ್ತಿದ್ದರು. ಎಂಥ ಸಂಜೆಗಳವು! ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಕಾಲೇಜಿಗೆ ಸೇರಿದ ಮೇಲೆ ಬನ್ನಮ್ಮ ಬದಲಾದಳು. ಕೇಕು ಮಾಡಿ ಊರಿಗೆಲ್ಲ ತಿನ್ನಿಸುವಳು, ತಾನು ಮುಟ್ಟಳು. ಊಟಕ್ಕೆ ಕರೆದರೆ, “ಆಗಲೇ ತಿಂದೆ ಅತ್ತೆ.” ಹಿಡಿದು ಕೂರಿಸಿದರೆ ಚೂರುಚೂರು ಮಾಡಿ ತಟ್ಟೆಯಲ್ಲೇ ಅತ್ತಿತ್ತ ತಳ್ಳುವಳು. ಒಲೆ ಪಕ್ಕದಲ್ಲೂ ಸ್ವೆಟರ್ ಬಿಚ್ಚಳು. ಮೈ ಕಡ್ಡಿಯಾದರೂ ಕನ್ನಡಿ ಮುಂದೆ ‘ದಪ್ಪಗಿದ್ದೀನಿ’ ಎಂದು ಕೊರಗುವಳು.

ದಿನಾ ಬ್ರೆಡ್ಡಿಗೆ ಬರುವ ನರ್ಸಕ್ಕನಿಗೆ ನಾನೇ ವಿಷಯ ಹೇಳಿದೆ. ಅಣ್ಣ ನಕ್ಕ.

“ಒಲೆ ಮುಂದೆ ನಿಂತೋರಿಗೆ ವಾಸನೆಗೇ ಹೊಟ್ಟೆ ತುಂಬುತ್ತೆ ಬಿಡಿ ಅಕ್ಕ. ನನಗೂ ಮಧ್ಯಾಹ್ನ ಹಸಿವಾಗಲ್ಲ.”

“ಅಲ್ಲಪ್ಪಾ, ರಾತ್ರಿ ನೀನು ಊಟ ಮಾಡಲ್ವಾ?”

“ಹೊಟ್ಟೆ ಬಿರಿಯೋ ಹಾಗೆ!”

“ಅವಳು?”

ಅಣ್ಣ ನನ್ನತ್ತ ತಿರುಗಿದ. “ರಾತ್ರಿಯೂ ತಿನ್ನಲ್ಲ,” ಎಂದೆ ನಾನು.

“ಇದು ಹಟ ಅಲ್ಲ, ಶೋಕಿ ಅಲ್ಲ. ಅನೊರೆಕ್ಸಿಯಾ ಅನ್ನೋ ಕಾಯಿಲೆ ಇರಬಹುದು. ಹಸಿವಿದ್ರೂ ದಪ್ಪ ಆಗ್ತೀನಿ ಅನ್ನೋ ಭಯ ತಿನ್ನೋಕೆ ಬಿಡಲ್ಲ. ಹಾಗೇ ಬಿಟ್ರೆ ಜೀವಕ್ಕೇ ಅಪಾಯ,” ಎಂದಳು ನರ್ಸಕ್ಕ.

“ಹಾಗಾದ್ರೆ ಇವತ್ತೇ ಬಾಯಿಗೆ ತುರುಕ್ತೀನಿ!”

“ಅಯ್ಯೋ, ಬೇಡ. ಗದರಿಸಿದ್ರೆ ಇನ್ನೂ ಮುಚ್ಚಿಡ್ತಾಳೆ. ಪ್ರೀತಿಯಿಂದ ಮಾತಾಡ್ಸು, ಡಾಕ್ಟರ್ ಹತ್ರ ಕರ್ಕೊಂಡು ಬಾ. ನಿಧಾನಕ್ಕೆ ವಾಸಿಯಾಗುತ್ತೆ.”

ಅಣ್ಣ ಹಿಟ್ಟಿನ ಕೈ ಒರೆಸಿಕೊಳ್ಳದೆ ಒಳಗೆ ಹೋದ. ಮಗಳು ಕೇಕಿಗೆ ಕ್ರೀಮ್ ಹಚ್ಚುತ್ತಿದ್ದಳು.

“ತಿನ್ನೋಕೆ ಭಯ ಆಗುತ್ತಾ ಮಗಳೇ?”

ಅವಳ ಕೈ ನಿಂತಿತು. “ಹಸಿವಾಗುತ್ತೆ ಅಪ್ಪ. ಆದ್ರೆ ತಿನ್ನೋಕೆ ಆಗಲ್ಲ,” ಎಂದು ಬಿಕ್ಕಿದಳು.

ಅಣ್ಣ ಒಲೆ ಆರಿಸಿದ. ವ್ಯಾಪಾರದ ಹೊತ್ತಿನಲ್ಲೇ ಬಾಗಿಲು ಹಾಕಿ ಮೂವರೂ ಆಸ್ಪತ್ರೆಗೆ ಹೋದೆವು. ಚಿಕಿತ್ಸೆ ಇನ್ನೂ ನಡೆಯುತ್ತಿದೆ. ಒಂದು ದಿನ ಸಲೀಸು, ಒಂದು ದಿನ ಕಣ್ಣೀರು. ಆದರೂ ಈಗ ಮುಚ್ಚುಮರೆಯಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಎಲ್ಲರಿಗೂ ಬಡಿಸಿ ತಾನು ತಿನ್ನದ ಮಗಳೋ ಮಗನೋ ನಿಮ್ಮ ಮನೆಯಲ್ಲೂ ಇರಬಹುದು. ‘ಸಣ್ಣಗಾದೆ, ಚೆಂದ ಕಾಣ್ತೀಯ’ ಎಂದು ಹೊಗಳಬೇಡಿ, ಬೈಯಲೂ ಬೇಡಿ. ಪಕ್ಕ ಕೂತು ಕೇಳಿ. ನಾಳೆ ಎನ್ನದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಹಸಿವಾಗುತ್ತಿದೆ ಎಂದು ಹೇಳಲೂ ಹೆದರುವ ಮಗುವಿಗೆ ಮೊದಲು ಬೇಕಾದವರು ನೀವು.