ಹಸಿರು ಅಕ್ಷರದ ಧನ್ಯವಾದ

ಪರದೆಯ ನಟ್ಟನಡುವೆ ಒಂದು ಹಸಿರು ಸಾಲು ಮೂಡುತ್ತಿತ್ತು: "ನಿಮ್ಮ ಅರ್ಜಿ ತಲುಪಿದೆ. ಧನ್ಯವಾದಗಳು." ಆ ಹಸಿರನ್ನು ಆರಿಸಲು ನಾನು ಒಂದಿಡೀ ಮಧ್ಯಾಹ್ನ ಕಳೆದಿದ್ದೆ. ಒಂದು ಬಣ್ಣ ಪಾಚಿಯಂತೆ ಕಂಡಿತು, ಇನ್ನೊಂದು ಕಣ್ಣಿಗೆ ಚುಚ್ಚಿತು. ಕೊನೆಗೆ ಎಳೆ ಮೆಂತ್ಯದ ಸೊಪ್ಪಿನ ಬಣ್ಣ ಸಿಕ್ಕಿತು. ಅರ್ಜಿ ಹಾಕಿದ ಹುಡುಗಿ ಅದನ್ನು ಓದಿ ನೆಮ್ಮದಿಯಿಂದ ಎದ್ದು ಹೋಗಬೇಕು ಎಂಬುದು ನನ್ನ ಆಸೆ. ಬಣ್ಣಕ್ಕೆ ಕೊಟ್ಟಷ್ಟು ಗಮನವನ್ನು ಆ ಮಾತು ನಿಜವೋ ಅಲ್ಲವೋ ಎಂಬುದಕ್ಕೆ ಕೊಟ್ಟಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಆಗ ನಾನು ಹೆಣ್ಣುಮಕ್ಕಳ ಉಚಿತ ವಸತಿ ನಿಲಯವೊಂದರ ಕಚೇರಿಯಲ್ಲಿದ್ದೆ. ಹತ್ತನೆಯ ತರಗತಿ ಮುಗಿಸಿದ ಹಳ್ಳಿಯ ಹುಡುಗಿಯರು ಅಲ್ಲಿದ್ದುಕೊಂಡು ಪೇಟೆಯ ಕಾಲೇಜಿಗೆ ಹೋಗುತ್ತಿದ್ದರು. ಇದ್ದದ್ದು ನಲವತ್ತು ಜಾಗ, ಬರುತ್ತಿದ್ದದ್ದು ಮುನ್ನೂರು ಅರ್ಜಿ. ಒಂಬತ್ತು ವರ್ಷ ಆ ಕಾಗದಗಳನ್ನು ಜೋಡಿಸಿ, ದಾರ ಕಟ್ಟಿ, ಇಲಿ ಕಡಿದದ್ದನ್ನು ಅಂಟಿಸಿ ನನಗೆ ಸಾಕಾಗಿತ್ತು. ಒಂದು ದಿನ ವಾರ್ಡನ್ ಸುಶೀಲಾಬಾಯಿಯವರ ಮುಂದೆ ನಿಂತು, "ಅರ್ಜಿ ಕಂಪ್ಯೂಟರ್‌ನ್ಯಾಗ ತಗೊಳ್ಳೂಣ್ರಿ, ನಾನ ಮಾಡತೀನಿ" ಎಂದುಬಿಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಹಾಗೆ. ನನಗೆ ಪ್ರೋಗ್ರಾಮ್ ಬರೆಯುವುದು ಇನ್ನೂ ಗೊತ್ತೇ ಇರಲಿಲ್ಲ.

ಕಲಿಸಿದವರು ಹುಲಕುಂದ ಮಾಸ್ತರರು. ಪಾಲಿಟೆಕ್ನಿಕ್‌ನಿಂದ ನಿವೃತ್ತರಾದ ಮೇಲೆ ಮನೆಯ ಪಡಸಾಲೆಯಲ್ಲಿ ಆರು ಕಂಪ್ಯೂಟರ್ ಇಟ್ಟುಕೊಂಡು ಪಾಠ ಹೇಳುತ್ತಿದ್ದರು. ಜನರ ಕಣ್ಣಿಗೆ ಕಾಣುವ ಪುಟದ ಚೆಂದ ಅವರಿಗೆ ಬೇಕಿರಲಿಲ್ಲ. ಗುಂಡಿ ಒತ್ತಿದ ಮೇಲೆ ದೂರದ ಸರ್ವರ್‌ನಲ್ಲಿ ಏನು ನಡೆಯುತ್ತದೆ ಎಂಬುದಷ್ಟೇ ಅವರ ಪಾಠ, ನಡುನಡುವೆ ಬೈಗುಳ.

ಮೊದಲ ಎರಡು ವಾರ ನಾನು ಕಂಡದ್ದು ಬರೀ ಬಿಳಿ ಪುಟ. "ಸರ್, ಏನೂ ಬರವಲ್ದರೀ" ಎಂದು ಗೋಳಾಡಿದರೆ ಅವರು ಕುರ್ಚಿಯಿಂದ ಏಳುತ್ತಲೂ ಇರಲಿಲ್ಲ.

"ಬಿಳೀ ಪುಟ ಅಂದ್ರ ಅದು ಸುಮ್ಮನ ಕುಂತೈತಿ ಅಂತ ತಿಳೀಬ್ಯಾಡ. ಒಳಗ ಲಾಗ್ ಫೈಲ್‌ನ್ಯಾಗ ಒದರಕೋತ ಕುಂತೈತಿ. ಹೋಗಿ ಓದು. ಎಷ್ಟನೇ ಸಾಲಿಗೆ ಎಡವೇನಿ ಅಂತ ಅದ ಹೇಳತೈತಿ. ಆ ಸಾಲಿನ್ಯಾಗ ತಪ್ಪು ಸಿಗಲಿಲ್ಲಂದ್ರ ಅದರ ಮ್ಯಾಲಿನ ಸಾಲು ನೋಡು."

ಒಮ್ಮೆ ಎರಡು ದಿನ ಒಂದೇ ಫೈಲನ್ನು ತಿದ್ದಿದೆ. ಪುಟ ಎಳ್ಳಷ್ಟೂ ಬದಲಾಗಲಿಲ್ಲ. ಮಾಸ್ತರರು ಬಂದು ಫೈಲಿನ ಮೊದಲ ಸಾಲಿನಲ್ಲಿ 'ಎಮ್ಮಿ' ಎಂದು ಬರೆಯಿಸಿದರು. ಪುಟದಲ್ಲಿ ಎಮ್ಮೆ ಕಾಣಿಸಲಿಲ್ಲ. ನಾನು ತಿದ್ದುತ್ತಿದ್ದದ್ದು ಒಂದು ಫೋಲ್ಡರ್‌ನಲ್ಲಿದ್ದ ಪ್ರತಿ, ಸರ್ವರ್ ಓದುತ್ತಿದ್ದದ್ದು ಇನ್ನೊಂದು. "ಮಂದಿ ಎಮ್ಮಿಗೆ ಮೇವು ಹಾಕಿ ನಿಮ್ಮ ಮನ್ಯಾಗ ಹಾಲು ಹುಡುಕಿದ್ಯಲ್ಲ ತಂಗಿ" ಎಂದರು. ಪಡಸಾಲೆಯವರೆಲ್ಲ ನಕ್ಕರು, ನಾನೂ ನಕ್ಕೆ. ಮನೆಗೆ ಹೋಗಿ ಅತ್ತೆ.

ಪುಟ ಊರಿಗೆ ತೆರೆಯುವ ಹಿಂದಿನ ದಿನ ಅವರು ಎರಡು ಮಾತು ಹೇಳಿದರು. "ಡೇಟಾಬೇಸು ಯಾವುದಾರ ಅರ್ಜಿ ಒಳಗ ತಗೊಳ್ಳಲಿಲ್ಲ ಅಂದ್ರ ಅದನ್ನ ಇದ್ದದ್ದು ಇದ್ದಂಗ ಒಂದು ಫೈಲಿಗೆ ಬರದಿಡು. ಇನ್ನ, ಅದು ತಗೊಂಡೇನಿ ಅನ್ನೂತನಕಾ ನೀ ಯಾರಿಗೂ ಧನ್ಯವಾದ ಹೇಳಬ್ಯಾಡ."

ಮೊದಲನೆಯದನ್ನು ಮಾಡಿದೆ, ಯಾಕೆಂದರೆ ಅವರು ಬೆನ್ನ ಹಿಂದೆಯೇ ನಿಂತಿದ್ದರು. ಎರಡನೆಯದಕ್ಕೆ ನಾಳೆ ನೋಡಿದರಾಯಿತು ಅಂದುಕೊಂಡೆ. ನಾನೇ ಮೂವತ್ತು ಸಲ ಅರ್ಜಿ ತುಂಬಿ ನೋಡಿದ್ದೆ, ಮೂವತ್ತೂ ಒಳಗೆ ಹೋಗಿದ್ದವು. ಗುಂಡಿ ಒತ್ತಿದ ಕೂಡಲೇ ಹಸಿರು ಸಾಲು ಬರುವಂತೆ ಬರೆದು ಮುಗಿಸಿದೆ.

ಅರ್ಜಿಗಳು ಬಂದವು, ಮುನ್ನೂರ ನಾಲ್ಕು. ಶನಿವಾರ ಆಯ್ಕೆ. ಅಂದು ಹತ್ತು ಗಂಟೆಗೆ ಮೂಲ ಅಂಕಪಟ್ಟಿ ಹಿಡಿದು ಎದುರಿಗೆ ನಿಲ್ಲದ ಹುಡುಗಿಗೆ ಜಾಗವಿಲ್ಲ. ಮೂರು ದಿನ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿ ತಿಳಿಸಿದೆ. ಸುಶೀಲಾಬಾಯಿಯವರು ಮೊದಲ ಸಲ ನನ್ನ ಮೇಜಿಗೆ ಚಹಾ ಕಳಿಸಿದರು.

ಗುರುವಾರ ಬೆಳಿಗ್ಗೆ ಒಬ್ಬ ಹೆಂಗಸು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಹೆಸರು ಫಕೀರವ್ವ. ಹದಿನೈದು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ ಚುರುಮುರಿ ಭಟ್ಟಿಯ ಕೆಲಸ. ಮುಂಗೈ ತುಂಬ ಬಿಸಿ ಉಸುಕು ಸಿಡಿದ ಕಪ್ಪು ಚುಕ್ಕೆಗಳು.

"ಅಕ್ಕಾರ, ನನ್ನ ಮಗಳು ಸುನಂದಾ ಅರ್ಜಿ ಹಾಕ್ಯಾಳ್ರಿ. ಎಲ್ಲಾರಿಗೂ ಕರಿ ಬಂದೈತಂತ. ಆಕೀಗ ಯಾವಾಗ್ರಿ?"

ಪಟ್ಟಿ ನೋಡಿದೆ. ಸುನಂದಾ ಇರಲಿಲ್ಲ. "ಅರ್ಜೀನ ಬಂದಿಲ್ಲವಾ. ಆಕಿ ಗುಂಡಿ ಒತ್ತಿರಲಿಕ್ಕಿಲ್ಲ."

"ಒತ್ಯಾಳ್ರಿ. ಸಾಲಿ ಕಂಪ್ಯೂಟರ್‌ನ್ಯಾಗ ಒತ್ಯಾಳ. ನಾನೂ ಬಾಜೂಕ ಇದ್ನಿರಿ."

"ಹಂಗಂತ ಎಲ್ಲಾರೂ ಹೇಳತಾರ." ಹೌದು, ಹಾಗೆಯೇ ಅಂದೆ. ಆ ಮಾತು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಫಕೀರವ್ವ ಸೊಂಟದ ಎಲೆಯಡಿಕೆಯ ಸಂಚಿಯಿಂದ ಮಡಿಸಿದ ಚೀಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ದುಂಡನೆಯ ಶಾಲೆಯ ಅಕ್ಷರ. ಹಸಿರು ಪೆನ್ನು. *ನಿಮ್ಮ ಅರ್ಜಿ ತಲುಪಿದೆ. ಧನ್ಯವಾದಗಳು.* ಕೆಳಗೆ ತಾರೀಖು.

"ಛಾಪಾ ಹಾಕೂ ಮಷೀನು ಸಾಲ್ಯಾಗ ಇರಲಿಲ್ರಿ. ಅದಕ ಬರಕೊಂಡ್ಲು. ಹಸರ ಅಕ್ಷರದಾಗ ಬಂದಿತ್ರಿ ಅಂತ ಹಸರ ಪೆನ್ನಿಲೇನ ಬರದಾಳ."

ಆ ಸಾಲನ್ನು ಕಣ್ಣಾರೆ ಕಾಣದೆ ಯಾರೂ ಹಾಗೆ ಬರೆಯಲು ಸಾಧ್ಯವಿರಲಿಲ್ಲ. "ನಾಳಿ ಬರ್ರಿ, ನೋಡತೀನಿ" ಎಂದೆ, ದನಿ ಆಗಲೇ ಇಳಿದಿತ್ತು.

ಅವಳು ಬಾಗಿಲವರೆಗೆ ಹೋಗಿ ತಿರುಗಿದಳು. "ಈ ವರ್ಷ ಆಕಿ ಮನ್ಯಾಗ ಕುಂತ್ಲಂದ್ರ ಮುಂದ ಭಟ್ಟೀಗೆ ಬರತಾಳ್ರಿ ಅಕ್ಕಾರ. ನಮ್ಮ ಮಂದಿ ಇನ್ನೊಂದು ವರ್ಷ ಕಾಯೂದಿಲ್ಲ."

ಅವಳು ಹೋದದ್ದೇ ತಡ ನಾನು ಅರ್ಜಿ ತುಂಬಿ ನೋಡಿದೆ. ಒಳಗೆ ಹೋಯಿತು. ಮತ್ತೆ ತುಂಬಿದೆ, ಮತ್ತೆ ಹೋಯಿತು. ಎಲ್ಲವೂ ಸರಿಯಾಗಿತ್ತು, ಅದೇ ಭಯ. ಒಬ್ಬಳ ಅರ್ಜಿ ಕಳೆದುಹೋಗಿದ್ದರೆ ಇನ್ನೆಷ್ಟು ಜನರದು ಕಳೆದಿದೆಯೋ? ಅಲ್ಲೊಂದು ಸಾಲು ಅಳಿಸಿದೆ, ಇಲ್ಲೊಂದು ಸೇರಿಸಿದೆ, ಮೂರು ಕಡೆ ಒಟ್ಟಿಗೇ ಬದಲಿಸಿದೆ. ಕೊನೆಗೆ ಬಿಳಿ ಪುಟ ಬಂತು. ಹಳೆಯ ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಮಾಸ್ತರರ ಮನೆಗೆ ಓಡಿದೆ.

"ಏನೇನು ಬದಲ್ ಮಾಡಿದಿ?" ಎಂದು ಕೇಳಿದರು.

"ನೆನಪಿಲ್ರೀ."

"ಛಲೋ ಆತು." ಹಳೆಯ ಪ್ರತಿಯನ್ನು ಮತ್ತೆ ಹಾಕಿಸಿದರು. "ಈಗ ಅರ್ಜಿ ತುಂಬು."

ತುಂಬಿದೆ. ಅವರು ತಲೆಯಾಡಿಸಿದರು. "ಇದು ನಿನ್ನ ಅರ್ಜಿ. ನಿನಗ ಎಲ್ಲಾ ಐತಿ. ಆ ಹುಡುಗಿ ಹೆಂಗ ತುಂಬಿರತಾಳ, ಹಂಗ ತುಂಬು."

ಹೆಸರು ಬರೆದೆ, ಊರು ಬರೆದೆ, ತಾಯಿ ಫಕೀರವ್ವ ಎಂದು ಬರೆದೆ. ಫೋನ್ ನಂಬರಿನ ಖಾನೆಗೆ ಬಂದು ನನ್ನ ಕೈ ನಿಂತಿತು. 'ನಾಳಿ ಬರ್ರಿ' ಎಂದಾಗ ಅವಳು ಯಾವ ನಂಬರನ್ನೂ ಕೊಟ್ಟಿರಲಿಲ್ಲ, ಹದಿನೈದು ಕಿಲೋಮೀಟರ್ ಮತ್ತೆ ಬರಲು ಒಪ್ಪಿದ್ದಳು. ಖಾನೆ ಖಾಲಿ ಬಿಟ್ಟೆ. ಗುಂಡಿ ಒತ್ತಿದೆ.

ಹಸಿರು ಸಾಲು ಬಂತು. ಡೇಟಾಬೇಸಿನಲ್ಲಿ ಅರ್ಜಿ ಇರಲಿಲ್ಲ.

ಫೋನಿನ ಖಾನೆಯಲ್ಲಿ ಅಂಕಿಯೇ ಇರಬೇಕೆಂದು ನಾನೇ ನಿಯಮ ಮಾಡಿದ್ದೆ. ಖಾಲಿ ಬಂದರೆ ಡೇಟಾಬೇಸು ಇಡೀ ಅರ್ಜಿಯನ್ನೇ ಹೊರಗೆ ತಳ್ಳುತ್ತಿತ್ತು. ನನ್ನ ಪುಟ ಅದರ ಉತ್ತರವನ್ನು ಕೇಳುವ ಗೋಜಿಗೇ ಹೋಗದೆ ನಗುನಗುತ್ತಾ ಧನ್ಯವಾದ ಹೇಳುತ್ತಿತ್ತು.

"ಕಂಪ್ಯೂಟರ್ ಸುಳ್ಳು ಹೇಳಿಲ್ಲ ತಂಗಿ" ಎಂದರು ಮಾಸ್ತರರು. ಅಂದು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. "ಸುಳ್ಳನ್ನ ನೀ ಮೊದಲ ಅದರ ಬಾಯಾಗ ಇಟ್ಟಿದ್ದಿ. ಈಗ ಆ ಫೈಲ್ ತಗಿ."

ಯಾವ ಫೈಲು ಎಂದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರ ಕಾಟ ತಾಳದೆ ಬರೆದಿದ್ದ, ಒಮ್ಮೆಯೂ ತೆರೆಯದಿದ್ದ ಫೈಲು. ನಾನು ಈಗಷ್ಟೇ ತುಂಬಿದ್ದನ್ನು ಬಿಟ್ಟರೆ ಅದರಲ್ಲಿ ಮೂವತ್ತೇಳು ಸಾಲುಗಳಿದ್ದವು. ಒಬ್ಬಳು ಎರಡು ಸಲ ಕಳಿಸಿದ್ದಳು, ಹಸಿರು ಸಾಲನ್ನು ನಂಬದ ಜಾಣೆ. ಒಟ್ಟು ಮೂವತ್ತಾರು ಹುಡುಗಿಯರು, ಇಪ್ಪತ್ತೆರಡು ಊರು, ಯಾರ ಮನೆಯಲ್ಲೂ ಫೋನಿಲ್ಲ. ವಸತಿ ನಿಲಯ ಇದ್ದದ್ದೇ ಅಂಥವರಿಗಾಗಿ. ನಾನು ಅವರನ್ನೇ ಆರಿಸಿ ಹೊರಗೆ ಹಾಕಿದ್ದೆ.

ಕಚೇರಿಗೆ ಮರಳುವ ದಾರಿಯಲ್ಲಿ ಒಂದು ಯೋಚನೆ ಬಂತು. ನನ್ನ ತಪ್ಪನ್ನು ಯಾರಿಗಾದರೂ ಯಾಕೆ ಹೇಳಲಿ? ಮೂವತ್ತಾರು ಹೆಸರನ್ನೂ ಸದ್ದಿಲ್ಲದೆ ಪಟ್ಟಿಗೆ ಸೇರಿಸಿ, ಫಕೀರವ್ವನಿಗೊಬ್ಬಳಿಗೆ ತಿಳಿಸಿ, ಉಳಿದವರ ಮುಂದೆ ಶನಿವಾರ 'ಗೈರುಹಾಜರು' ಎಂದು ಬರೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ಕೆಲಸ ಉಳಿಯುತ್ತಿತ್ತು. ಕಚೇರಿಯ ಮೆಟ್ಟಿಲು ಹತ್ತುವವರೆಗೂ ಅದು ನನ್ನ ಜೊತೆಗೇ ಬಂತು. ಒಳಗೆ ಮೇಜಿನ ಮೇಲೆ ಆ ಚೀಟಿ ಹಾಗೆಯೇ ಬಿದ್ದಿತ್ತು. ಫಕೀರವ್ವ ಅದನ್ನು ನನ್ನ ಭರವಸೆಯ ಮೇಲೆ ಬಿಟ್ಟು ಹೋಗಿದ್ದಳು. ಅದನ್ನೆತ್ತಿಕೊಂಡು ನೇರ ಸುಶೀಲಾಬಾಯಿಯವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ.

ಅವರು ಕನ್ನಡಕ ತೆಗೆದಿಟ್ಟು ನನ್ನನ್ನು ನೋಡಿದರು. "ಗುರುವಾರ ಹೇಳಿದಿ, ಉಳಕೊಂಡಿ. ಶನಿವಾರ ಗೊತ್ತಾಗಿದ್ರ ಈ ಅಂಗಳದಾಗ ನಿನ್ನ ಹುಗೀತಿದ್ದೆ." ಆಮೇಲೆ ಕಾಗದದ ಕಟ್ಟನ್ನು ನನ್ನತ್ತ ತಳ್ಳಿದರು. "ಚೀಟಿ ಬರಿ. ಬಸ್ಸಿಗೆ ಕೊಟ್ಟು ಕಳಸೂಣು."

ನಮ್ಮ ಕಡೆ ಹಳ್ಳಿಗೆ ಅವಸರದ ಸುದ್ದಿ ಮುಟ್ಟಿಸಬೇಕಾದರೆ ಕಂಡಕ್ಟರನ ಕೈಗೆ ಚೀಟಿ ಕೊಡುವುದು ವಾಡಿಕೆ. ಅವನು ಊರ ಸ್ಟಾಪಿನ ಚಹಾದಂಗಡಿಯಲ್ಲಿ ಕೊಡುತ್ತಾನೆ, ಅಂಗಡಿಯವನು ಮನೆಗೆ ಮುಟ್ಟಿಸುತ್ತಾನೆ. ಫಕೀರವ್ವ ಮರುದಿನ ಹೇಗೂ ಬರುವವಳಿದ್ದಳು; ಉಳಿದವರಿಗೆ ಶನಿವಾರದ ಆಯ್ಕೆಗೆ ಬರಬೇಕೆಂದು ಮೂವತ್ತೈದು ಚೀಟಿ ಕೈಯಾರೆ ಬರೆದು ಸಂಜೆ ಬಸ್ ನಿಲ್ದಾಣದಲ್ಲಿ ನಿಂತೆ.

"ಏನ್ರೀ ಅಕ್ಕಾರ, ಲಗ್ನಪತ್ರಿಕಾ ಏನ್ರಿ?" ಎಂದು ಒಬ್ಬ ಕಂಡಕ್ಟರ್ ನಕ್ಕ.

"ಲಗ್ನ ತಪ್ಪಿಸೂ ಪತ್ರಿಕಾ ಅನ್ರಿ. ಹುಡುಗಿ ಕೈಯಾಗ ಮುಟ್ಟಬೇಕ್ರಿ."

"ಮುಟ್ಟಿಸ್ತೀನಿ ತಗೋರಿ" ಎಂದು ಜೇಬಿಗೆ ಹಾಕಿಕೊಂಡ.

ಬಸ್ಸು ಹೊರಟ ಮೇಲೆ ಅನುಮಾನ ಬಂತು. 'ಮುಟ್ಟಿಸ್ತೀನಿ' ಎಂಬುದೂ ಹಸಿರು ಸಾಲೇ ಅಲ್ಲವೇ? ಮರುದಿನ ಬೆಳಿಗ್ಗೆ ಮತ್ತೆ ನಿಲ್ದಾಣಕ್ಕೆ ಹೋಗಿ, ಮರಳಿದ ಪ್ರತಿ ಬಸ್ಸಿನ ಬಾಗಿಲಿಗೂ ನಿಂತು, ಯಾರ ಕೈಗೆ ಕೊಟ್ಟಿರಿ, ಅವರೇನಂದರು ಎಂದು ಕೇಳಿದೆ. ಎರಡು ಬಸ್ಸುಗಳ ಕಂಡಕ್ಟರುಗಳು ಬದಲಾಗಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಫಕೀರವ್ವ ಬಂದಳು. ತಿದ್ದಿದ ಪುಟದಲ್ಲಿ ಅವಳ ಎದುರಿಗೇ ಸುನಂದಾಳ ಅರ್ಜಿ ತುಂಬಿದೆ. ಹಸಿರು ಸಾಲು ಬಂತು. "ಬಂತು ನೋಡ್ರಿ" ಎಂದು ಪರದೆಯನ್ನು ಅವಳತ್ತ ತಿರುಗಿಸಿದೆ. ಅವಳು ಅದರ ಕಡೆ ನೋಡಲೇ ಇಲ್ಲ.

"ಅದು ಹಿಂದಕೂ ಬಂದಿತ್ತಲ್ರಿ" ಎಂದಳು.

"ತಪ್ಪು ನಂದು ಫಕೀರವ್ವ. ನಿನ್ನ ಮಗಳದಲ್ಲ, ಕಂಪ್ಯೂಟರಿಂದೂ ಅಲ್ಲ. ನಾ ಒಳಗ ನೋಡಲಾರದನ ಧನ್ಯವಾದ ಹೇಳಿದ್ದೆ."

ಅವಳು ತನ್ನ ಮುಂಗೈಯನ್ನು ಸವರಿಕೊಂಡಳು. "ನಾವು ಹುರಿಯೂವಾಗ ಒಂದೀಟು ಹೊತ್ತಿದ್ರೂ ವಾಸನಿ ಬರತೈತ್ರಿ. ನಿಮ್ಮ ಕೆಲಸದಾಗ ಹೊತ್ತಿದ್ದು ಗೊತ್ತಾಗೂದಿಲ್ಲೇನ್ರಿ ಅಕ್ಕಾರ?"

ಅವಳು ಚುಚ್ಚಲು ಕೇಳಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದಳು. ಡೇಟಾಬೇಸು ತೆರೆದೆ. ಕೊನೆಯ ಸಾಲಿನಲ್ಲಿ ಸುನಂದಾ ಇದ್ದಳು. ಎರಡು ಸಲ ಓದಿದೆ. ಆಮೇಲೆ ಅದೇ ಚೀಟಿಯ ಬೆನ್ನಿಗೆ, ಅರ್ಜಿ ಬಂದಿದೆ, ಕಣ್ಣಾರೆ ನೋಡಿದ್ದೇನೆ ಎಂದು ಬರೆದು ನನ್ನ ಹೆಸರು ಹಾಕಿದೆ. ಅವಳು ಅದನ್ನು ಮಡಿಸಿ ಸಂಚಿಯಲ್ಲಿಟ್ಟುಕೊಂಡು ಹೋದಳು.

ಶನಿವಾರ ಬೆಳಿಗ್ಗೆ ಗೇಟಿನ ಬಳಿ ನಿಂತು ಎಣಿಸಿದೆ. ಆ ಮೂವತ್ತಾರರಲ್ಲಿ ಮೂವತ್ತು ಹುಡುಗಿಯರು ಅಂಕಪಟ್ಟಿಯನ್ನು ಎದೆಗವಚಿಕೊಂಡು ಬಂದರು. ಅವರಲ್ಲಿ ಹನ್ನೊಂದು ಜನಕ್ಕೆ ಜಾಗ ಸಿಕ್ಕಿತು, ಸುನಂದಾಳಿಗೂ. ಹತ್ತು ಗಂಟೆ ಕಳೆದ ಮೇಲೂ ನಾನು ಗೇಟು ಬಿಡಲಿಲ್ಲ. ಸುಶೀಲಾಬಾಯಿಯವರು ಹನ್ನೊಂದರವರೆಗೆ ಬಾಗಿಲು ಮುಚ್ಚಗೊಡಲಿಲ್ಲ. ಉಳಿದ ಆರು ಜನ ಬರಲಿಲ್ಲ. ಚೀಟಿ ಮುಟ್ಟಲಿಲ್ಲವೋ, ಮುಟ್ಟಿಯೂ ಮನೆಯವರು ಕಳಿಸಲಿಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಮುಂದಿನ ವಾರ ಆ ಊರುಗಳಿಗೆ ಹೋದೆ. ಇಬ್ಬರ ಮನೆಗೆ ಬೀಗವಿತ್ತು, ಮೂರು ಮನೆಯವರು ಮಾತು ಹಾರಿಸಿದರು. ಒಬ್ಬಳ ಕೈಯಲ್ಲಿ ಆಗಲೇ ಲಗ್ನದ ಹಸಿರು ಬಳೆ ಏರಿದ್ದವು.

ಮಾಸ್ತರರು ಹೋದ ಮೇಲೆ ಅವರ ಪಡಸಾಲೆಯಲ್ಲಿ ಈಗ ನಾನು ಪಾಠ ಹೇಳುತ್ತೇನೆ. ಹೊಸಬರು ಮೊದಲು ಮಾಡಿ ತರುವುದು ಒಂದು ಅರ್ಜಿ, ಅದರ ಕೊನೆಗೊಂದು ಧನ್ಯವಾದ. ಬಣ್ಣ ಬಹುಪಾಲು ಹಸಿರೇ. ಮೊನ್ನೆಯೂ ಒಬ್ಬಾಕೆ, ಎರಡು ಮಕ್ಕಳ ತಾಯಿ, ಸಂಭ್ರಮದಿಂದ ತೋರಿಸಿದಳು. ಫೋನಿನ ಖಾನೆ ಖಾಲಿ ಬಿಟ್ಟು ಗುಂಡಿ ಒತ್ತು ಎಂದೆ. ಒತ್ತಿದಳು. ಸಾಲು ಮೂಡಿತು. ಅವಳು ನಗುತ್ತಾ ನನ್ನ ಮುಖ ನೋಡಿದಳು. ನನ್ನ ಬಾಯಲ್ಲಿ ಅಂದು ಬಾರದ ಆ ಆರು ಹೆಸರುಗಳು, ಫೈಲಿನಲ್ಲಿದ್ದ ಅದೇ ಕ್ರಮದಲ್ಲಿ, ಬಂದು ನಿಂತಿದ್ದವು.

"ಈಗ ನಗಬ್ಯಾಡ ತಂಗಿ" ಎಂದೆ. "ಮೊದಲ ಒಳಗ ನೋಡು."